ಹಿಂದಿನ ಕುರಿ ಬರಲಿ, ತಡಿ

ಈಗ ಕೆಲವು ತಿಂಗಳಿಂದ ನನ್ನ ಫೋನಿಗೆ ಒಂದೇ ಹಾಡು ತಿರುತಿರುಗಿ ಬರುತ್ತಿದೆ. ಹಾಡು ಅಂದರೆ ಅದರಲ್ಲಿ ಮಾತಿಲ್ಲ. ಕೀಬೋರ್ಡು, ಡ್ರಮ್ಮು, ಬೇಸ್ ಗಿಟಾರು, ಅಷ್ಟೇ. ಕಳಿಸುವವರು ಕೆಳಗೆ ಕೈಮುಗಿದ ಚಿತ್ರ ಹಾಕಿ, ‘ನಿಮ್ಮಣ್ಣ ಇಂಥ ಕಲಾವಿದರು ಅಂತ ನಮಗೆ ಗೊತ್ತೇ ಇರಲಿಲ್ಲ’ ಎಂದು ಬರೆಯುತ್ತಾರೆ. ಅವನು ತೀರಿಕೊಂಡ ಮೇಲೆ ಎಲ್ಲರಿಗೂ ಗೊತ್ತಾಗಿದೆ.

ಆ ಹಾಡನ್ನು ಕೊನೆಯವರೆಗೆ ಕೇಳಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಎಲ್ಲ ವಾದ್ಯಗಳೂ ನಿಂತು, ಕೀಬೋರ್ಡಿನ ಕಡೆಯ ಸ್ವರವೊಂದೇ ಉಳಿದು ಸಣ್ಣಗೆ ಕರಗುತ್ತಿರುವಾಗ, ಒಬ್ಬ ಗಂಡಸು ಗದರಿಸುವ ಹಾಗೆ ಹೇಳುವುದು ಕೇಳಿಸುತ್ತದೆ: “ತಟ್ರಿ, ಚಪ್ಪಾಳೆ ತಟ್ರಿ.” ಆಮೇಲೆ ಚಪ್ಪಾಳೆ. ಬಹಳ ಜನ ಅದನ್ನು ಗಮನಿಸುವುದಿಲ್ಲ. ಗಮನಿಸಿದವರು ಯಾರೋ ಕಾರ್ಯಕ್ರಮದವರು ಇರಬೇಕು ಅಂದುಕೊಳ್ಳುತ್ತಾರೆ. ಆ ದನಿ ನನ್ನದು.

ನಾನು ಹಿರಿಯೂರಿನಲ್ಲಿ ಸೌಂಡ್ ಸಿಸ್ಟಮ್ ಇಟ್ಟುಕೊಂಡಿರುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಇನ್ನೊಬ್ಬರ ಅಂಗಡಿಯಲ್ಲಿ ಹಾರ್ನ್ ಸ್ಪೀಕರ್ ಹೊತ್ತೆ, ವೈರ್ ಸುತ್ತಿದೆ, ಜನರೇಟರಿಗೆ ಹಗ್ಗ ಎಳೆದೆ. ಈಗ ಸ್ವಂತ ಗಾಡಿ ಇದೆ, ಸ್ವಂತ ಗೋಡೌನ್ ಇದೆ. ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರದ ಕಡೆಯವರೂ ನನ್ನನ್ನೇ ಕರೆಯುತ್ತಾರೆ. ನನ್ನ ಸ್ಪೀಕರಿನಲ್ಲಿ ಗೊರಗೊರ ಬಂತು ಅಂತ ಇವತ್ತಿನವರೆಗೆ ಒಬ್ಬರೂ ಹೇಳಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚ ಇಲ್ಲ. ದುಡಿದಿದ್ದೇನೆ, ಹೇಳುತ್ತೇನೆ. ತಲೆ ತಗ್ಗುವುದು ಬೇರೆ ವಿಷಯಕ್ಕೆ.

ಅವನು ನನ್ನ ದೊಡ್ಡಪ್ಪನ ಮಗ. ನನಗಿಂತ ದೊಡ್ಡವನು, ಹಾಗಾಗಿ ಅಣ್ಣ. ನಮ್ಮಿಬ್ಬರ ಅಜ್ಜ ಒಬ್ಬನೇ. ಯಲ್ಲದಕೆರೆಯ ಆಚೆ ನಮ್ಮ ಹಟ್ಟಿ. ಅಜ್ಜ ಕುರಿ ಕಾಯುತ್ತಿದ್ದ, ಅಜ್ಜನ ಅಪ್ಪನೂ ಕುರಿ ಕಾಯುತ್ತಿದ್ದ. ದೊಡ್ಡಪ್ಪನಿಗೆ ಮಾರಿಕಣಿವೆಯ ಅಣೆಕಟ್ಟೆಯಲ್ಲಿ ಕಾಲುವೆಗೆ ನೀರು ಬಿಡುವ ಕೆಲಸ ಸಿಕ್ಕಿತು. ಅವರ ಸಂಸಾರ ಅಲ್ಲಿನ ಕ್ವಾರ್ಟರ್ಸಿಗೆ ಹೋಯಿತು. ಅಲ್ಲಿ ಶನಿವಾರದ ಭಜನೆಗೆ ಒಂದು ಹಳೆ ಹಾರ್ಮೋನಿಯಂ ಇತ್ತು. ಭಜನೆಯವರು ಚಹಾ ಕುಡಿಯಲು ಎದ್ದರೆ ಸಾಕು, ಇವನು ಹೋಗಿ ಅದರ ಮುಂದೆ ಕುಳಿತುಬಿಡುತ್ತಿದ್ದನಂತೆ. ಶಾಲೆಯಲ್ಲಿ ನನಗಿಂತ ಸ್ವಲ್ಪ ಮುಂದೆ ಹೋದ, ಆದರೆ ಓದಿನಿಂದ ಬದುಕಲಿಲ್ಲ. ಬೆರಳಿನಿಂದ ಬದುಕಿದ.

ರಜಕ್ಕೆ ನಾವಿಬ್ಬರೂ ಹಟ್ಟಿಗೆ ಹೋಗುತ್ತಿದ್ದೆವು. ಸಂಜೆ ಕುರಿ ಮುಳ್ಳುಬೇಲಿಯ ರೊಪ್ಪಕ್ಕೆ ಬಂದ ಮೇಲೆ ಅಜ್ಜ ಗಣೆ ಊದುತ್ತಿದ್ದ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಅದರ ದನಿ ಪೇಟೆಯ ಕೊಳಲಿನ ಹಾಗೆ ಸಿಹಿ ಅಲ್ಲ. ಅರ್ಧ ಸ್ವರ, ಅರ್ಧ ಉಸಿರು. ಅಜ್ಜ ಕುತ್ತಿಗೆಯನ್ನು ಬಲಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಅವಸರವೇ ಇಲ್ಲದೆ ಊದುತ್ತಿದ್ದ. ಅದಕ್ಕೆ ಹೆಸರಿರಲಿಲ್ಲ. ಕುರಿ ಮಲಗಿಸುವುದಕ್ಕೆ ಊದುವುದು, ಅಷ್ಟೇ. ಮೊದಲು ಗಡಿಬಿಡಿ ಮಾಡುತ್ತಿದ್ದ ಕುರಿಗಳು ಒಂದೊಂದಾಗಿ ಮಂಡಿ ಮಡಚಿ ಕೂರುತ್ತಿದ್ದವು. ಕೊನೆಯ ಕುರಿ ಮಲಗಿದ ಮೇಲೂ ಅಜ್ಜ ಒಂದು ಸ್ವರವನ್ನು ಹಿಡಿದೇ ಇರುತ್ತಿದ್ದ. ಅದು ಎಲ್ಲಿ ಮುಗಿಯಿತು, ಎಲ್ಲಿ ಬರೀ ಗಾಳಿ ಆಯಿತು ಅಂತ ಹೇಳಲು ಬರುತ್ತಿರಲಿಲ್ಲ.

ಆಗ ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ನಮ್ಮ ಹಟ್ಟಿಯಲ್ಲಿ ಚಪ್ಪಾಳೆ ಇರುವುದು ತೋಳಕ್ಕೆ, ನಾಯಿಗೆ, ಬೇರೆಯವರ ಹೊಲಕ್ಕೆ ನುಗ್ಗಿದ ಕುರಿಗೆ. ಮಲಗಿದ ಕುರಿಯ ಹತ್ತಿರ ತಟ್ಟಿದರೆ ಇಡೀ ರೊಪ್ಪ ಎದ್ದು ನಿಲ್ಲುತ್ತದೆ. ಅಜ್ಜ ಮತ್ತೆ ಮೊದಲಿಂದ ಊದಬೇಕು. ಹಾಗಾಗಿ ಗಣೆ ಮುಗಿದ ಮೇಲೆ ದೊಡ್ಡವರು ಸದ್ದಿಲ್ಲದೆ ಎದ್ದು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಹಬ್ಬದ ದಿನ ಕುರಿ ಇಲ್ಲದ ಕಡೆ ಊದಿದರೂ ಅದೇ ಪದ್ಧತಿ. ಚೆನ್ನಾಗಿತ್ತು ಅನ್ನುವುದೂ ಇಲ್ಲ. ಮಾತಾಡದೆ ಎದ್ದು ಹೋದರೆ ಅದೇ ಚೆನ್ನಾಗಿತ್ತು ಅಂತ ಅರ್ಥ. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಗೊತ್ತಿತ್ತು. ನನಗೂ ಗೊತ್ತಿತ್ತು.

ನಾನು ಸೌಂಡಿನ ಕೆಲಸಕ್ಕೆ ಸೇರಿದ ಕಾಲಕ್ಕೆ ಅವನು ಆರ್ಕೆಸ್ಟ್ರಾ ಸೇರಿದ್ದ. ಗಣಪತಿ ಸೀಸನ್ನು, ಮದುವೆ ಸೀಸನ್ನು, ಎಲ್ಲ ಕಡೆ ನಾವಿಬ್ಬರೂ ಒಂದೇ ಗಾಡಿಯಲ್ಲಿ. ಅವನು ಕೀಬೋರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಹಿಂದೆ ಸಾಮಾನಿನ ಜೊತೆ ಇಡು ಅಂದರೆ ಕೇಳುತ್ತಿರಲಿಲ್ಲ. “ನಿನ್ನ ಸ್ಪೀಕರ್ ಉಳ್ಳಾಡಿದ್ರೂ ಬದುಕ್ತದೆ, ಇದು ಮರಿ ಕಣಲೇ” ಅನ್ನುತ್ತಿದ್ದ.

ನುಡಿಸುವ ಮೊದಲು ಎರಡೂ ಅಂಗೈಯನ್ನು ತೊಡೆಗೆ ಉಜ್ಜಿಕೊಳ್ಳುತ್ತಿದ್ದ. ಚಪ್ಪಲಿ ಬಿಡುತ್ತಿದ್ದ. ಆಮೇಲೆ ಕುತ್ತಿಗೆ ತಾನಾಗಿಯೇ ಬಲಕ್ಕೆ ವಾಲುತ್ತಿತ್ತು. ಕೀಬೋರ್ಡ್ ನುಡಿಸುವವನಿಗೆ ಕುತ್ತಿಗೆ ವಾಲಿಸುವ ಅಗತ್ಯವೇ ಇಲ್ಲ. ಮದುವೆಯ ಫೋಟೋಗ್ರಾಫರುಗಳು “ಸಾರ್, ಸ್ವಲ್ಪ ನೆಟ್ಟಗೆ” ಎಂದು ಕೂಗುತ್ತಿದ್ದರು. ಅವನು ನೆಟ್ಟಗಾಗುತ್ತಿದ್ದ, ಎರಡು ನಿಮಿಷಕ್ಕೆ ಮತ್ತೆ ವಾಲುತ್ತಿದ್ದ. ಅವನ ಕೈಯಲ್ಲಿ ಗಣೆ ಇಲ್ಲ ಅನ್ನುವುದನ್ನು ಅವನ ಕುತ್ತಿಗೆಗೆ ಯಾರೂ ತಿಳಿಸಿರಲಿಲ್ಲ.

ತಾಳದಲ್ಲಿ ಅವನದು ಒಂದು ಹಟ. ಡ್ರಮ್ಮಿನವನು ಏಟು ಕೊಟ್ಟ ಮೇಲೆ ಒಂದು ಚೂರು ತಡೆದು ಸ್ವರ ಒತ್ತುತ್ತಿದ್ದ. ಹೊಸಬ ಡ್ರಮ್ಮರುಗಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಓಡತೊಡಗಿದರೆ ಇವನು ನುಡಿಸುತ್ತಲೇ ತಿರುಗಿ ಹೇಳುತ್ತಿದ್ದ: “ಹಿಂದಿನ ಕುರಿ ಬರ್ಲಿ, ತಡಿ.” ಎಲ್ಲರೂ ನಗುತ್ತಿದ್ದರು. ನಾನು ಸೌಂಡಿನ ಗುಂಡಿಗಳಿರುವ ಮಿಕ್ಸರಿನ ಮೇಲೆ ಬಗ್ಗಿ ಏನೋ ಸರಿಮಾಡುವವನ ಹಾಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಹಿರಿಯೂರಿನಲ್ಲಿ ನಾನು ಯಾರಿಗೂ ಕುರಿಯ ವಿಷಯ ಹೇಳಿರಲಿಲ್ಲ. ನಿಮ್ಮದು ಯಾವ ಕಡೆ ಅಂದರೆ, ಇಲ್ಲೇ, ಜಮೀನು ಐತೆ ಅನ್ನುತ್ತಿದ್ದೆ.

ಹೊಳಲ್ಕೆರೆಯಲ್ಲಿ ಒಂದು ಮದುವೆ. ಊಟದ ಹೊತ್ತು. ಎಲ್ಲರೂ ಕುಣಿಯುವ ಹಾಡು ಕೇಳುತ್ತಿದ್ದರು. ಇವನು ಹಾಡಿನ ನಡುವೆ ಗಾಯಕನಿಗೆ ಕೈ ತೋರಿಸಿ ನಿಲ್ಲಿಸಿ, ತಾನೊಬ್ಬನೇ ಎಲ್ಲಿಗೋ ಹೊರಟುಬಿಟ್ಟ. ಎಡಗೈ ನಾಲ್ಕು ಸ್ವರವನ್ನೇ ಸುತ್ತುತ್ತಿದೆ, ಬಲಗೈ ದಾರಿ ತಪ್ಪಿದವನ ಹಾಗೆ ಅಲ್ಲೊಂದು ಇಲ್ಲೊಂದು ಇಡುತ್ತಿದೆ. ಹೆಣ್ಣಿನ ಸೋದರಮಾವ ಎಲೆ ಮುಂದಿನಿಂದ ಎದ್ದು, ಎಂಜಲ ಕೈಯಲ್ಲೇ ನನ್ನ ಹತ್ತಿರ ಬಂದರು.

“ಏನಪ್ಪ ಇದು, ಕರೆಂಟ್ ಹೋಗಿ ಬಂದು ಮಾಡ್ದಂಗೆ ನುಡಿಸ್ತಾನೆ? ನಿಮ್ಮೋನೇನಪ್ಪ ಅವ್ನು?”

“ಇಲ್ಲಣ್ಣ, ಯಾರೋ ಬೆಂಗಳೂರ್ನೋನು. ಕರೆಸಿದ್ದು” ಅಂದೆ.

ಮೈಕು ಆನ್ ಇರಲಿಲ್ಲ. ಆದರೂ ಅವನಿಗೆ ಕೇಳಿಸಿತ್ತು. ಅವನ ಕಿವಿಯೇ ಹಾಗೆ. ವಾಪಸು ಬರುವಾಗ ಹಿರಿಯೂರಿನವರೆಗೂ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ. “ಸೌಂಡ್ನೋರೇ, ಸ್ವಲ್ಪ ಗಾಜು ಏರಿಸ್ರಿ. ಸೌಂಡ್ನೋರೇ, ನೀರು ಐತೇನ್ರಿ? ನಾವು ಬೆಂಗಳೂರ್ನೋರು, ಇಲ್ಲಿ ಧೂಳು ಆಗಾಕಿಲ್ಲ ನೋಡ್ರಿ.” ಡ್ರೈವರ್ ನಕ್ಕೂ ನಕ್ಕೂ ಗಾಡಿ ನಿಲ್ಲಿಸಬೇಕಾಯಿತು. ನಾನೂ ನಕ್ಕೆ. ನಗದೆ ಏನು ಮಾಡಲಿ.

ಇನ್ನೊಂದು ಸಲ ಹೊಸದುರ್ಗದಿಂದ ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಳಗೆ ಗಾಡಿ ನಿಲ್ಲಿಸು ಅಂದ. ಮಧ್ಯಾಹ್ನದ ಬಿಸಿಲು. ನಮಗೆಲ್ಲ ಹಸಿವು. ಅವನು ಇಳಿದು ಹೋಗಿ ಕಂಬದ ಬುಡದಲ್ಲಿ ನಿಂತು, ರೆಕ್ಕೆ ತಿರುಗುವ ಸದ್ದಿಗೆ ತೊಡೆ ತಟ್ಟಿಕೊಳ್ಳುತ್ತಾ ನಿಂತ. ನಾನು ಹಾರ್ನ್ ಒತ್ತಿದೆ. ಬಂದು ಹತ್ತಿಕೊಂಡು, “ಮೂರು ರೆಕ್ಕೆ ಅವೆ, ಆದ್ರೆ ಮೂರೂ ಒಂದೇ ಥರ ಬರಂಗಿಲ್ಲ. ಒಂದು ಕುಂಟ್ತದೆ. ಆ ಕುಂಟದೈತಲ್ಲ, ಅದೇ ನೋಡು ಚೆಂದ” ಅಂದ. ನನಗೆ ಕುಂಟುವುದರಲ್ಲಿ ಚೆಂದ ಕಾಣುವುದಿಲ್ಲ. ಕುಂಟಿದ್ದನ್ನು ಸರಿಮಾಡಿ ನಿಲ್ಲಿಸುವುದೇ ನನ್ನ ಕಸುಬು.

ಆಮೇಲೆ ಅವನು ನಿಜವಾಗಿಯೂ ಬೆಂಗಳೂರಿನವನಾದ. ಮೊದಲು ಯಾರದೋ ಸ್ಟುಡಿಯೋದಲ್ಲಿ ನುಡಿಸಿದ, ಆಮೇಲೆ ತನ್ನದೇ ತಂಡ ಕಟ್ಟಿದ. ಒಂದು ಸಲ ಕೆಲಸದ ಮೇಲೆ ಬೆಂಗಳೂರಿಗೆ ಹೋದಾಗ ಅವನ ಪೋಸ್ಟರ್ ನೋಡಿದೆ. ‘ಜಾಝ್ ಫ್ಯೂಷನ್’ ಅಂತಿತ್ತು. ಫೋನು ಮಾಡಿ ಕೇಳಿದೆ.

“ಹಂಗಂದ್ರೆ ಏನಣ್ಣ?”

“ಬೇರೆ ಬೇರೆ ಊರಿನ ಕುರಿ ಒಂದೇ ರೊಪ್ಪದಾಗೆ ಕೂಡೋದು.”

“ಗುದ್ದಾಡಲ್ವಾ?”

“ಮೊದ್ಲು ಗುದ್ದಾಡ್ತವೆ. ಆಮ್ಯಾಕೆ ಒಂದರ ಮೈಗೆ ಒಂದು ಒರಗ್ತವೆ. ಬಾ ಸಾಯಂಕಾಲ, ನೋಡುವಂತೆ.”

ಅವನಿಗೆ ಎಲ್ಲವೂ ಕುರಿಯೇ.

ಹೋದೆ. ಸಣ್ಣ ಹಾಲ್, ಕುಳಿತವರೆಲ್ಲ ಇಂಗ್ಲಿಷ್ ಮಾತಾಡುವವರು. ನಾನು ಹಿಂದೆ, ಅಲ್ಲಿನ ಸೌಂಡಿನವನ ಪಕ್ಕ ನಿಂತೆ. ಅವನ ತಪ್ಪು ಹುಡುಕುವುದಕ್ಕೇ ನಿಂತೆ ಅಂದರೂ ಸರಿ. ಡ್ರಮ್ಮು ಶುರುವಾಯಿತು, ಗಿಟಾರು ಅದರ ಜೊತೆಗೆ ಬಿತ್ತು. ಇವನ ಎಡಗೈ ನಾಲ್ಕು ಸ್ವರದ ಸುತ್ತು ಹಿಡಿಯಿತು, ಹೊಳಲ್ಕೆರೆಯದೇ ಸುತ್ತು. ಬಲಗೈ ಸುಮ್ಮನೆ ತೊಡೆಯ ಮೇಲಿತ್ತು. ಜನ ಕಾಯುತ್ತಿದ್ದರು. ಎಷ್ಟು ಹೊತ್ತಾದರೂ ಆ ಕೈ ಏಳಲಿಲ್ಲ. ಕೊನೆಗೆ ಎದ್ದು ಒಂದೇ ಒಂದು ಸ್ವರ ಒತ್ತಿತು, ತಡವಾಗಿ. ಕೀಬೋರ್ಡಿನ ಎಡಗಡೆ ಸ್ವರವನ್ನು ಬಾಗಿಸುವ ಒಂದು ಸಣ್ಣ ಚಕ್ರ ಇರುತ್ತದೆ. ಆರ್ಕೆಸ್ಟ್ರಾದವರು ಅದನ್ನು ಜನ ಬೆರಗಾಗಲಿ ಅಂತ ಗಿರ್ರನೆ ತಿರುಗಿಸುತ್ತಾರೆ. ಇವನು ಕಾಣದಷ್ಟು ತಿರುಗಿಸಿದ. ಸ್ವರ ಕೆಳಗಿನಿಂದ ಉಸಿರು ಎಳೆದುಕೊಂಡು ಮೇಲಕ್ಕೆ ಬಂದು ನಿಂತಿತು, ಹೋಗುವಾಗ ಉಸಿರು ಸಾಲದೆ ಒಂದು ಎಳೆ ಕೆಳಗೆ ಜಾರಿತು.

ನನ್ನ ಕೈ ತಾನಾಗಿಯೇ ಪಕ್ಕದವನ ಮಿಕ್ಸರಿನ ಅಂಚು ಹಿಡಿಯಿತು. ಅದು ಅಜ್ಜ. ಅಜ್ಜ ಸತ್ತು ಎಷ್ಟೋ ಕಾಲವಾಗಿತ್ತು, ಅವನ ಗಣೆಯ ಸದ್ದು ನನ್ನ ತಲೆಯಲ್ಲಿ ಇದೆ ಅಂತಲೂ ನನಗೆ ಗೊತ್ತಿರಲಿಲ್ಲ. ಸುತ್ತ ಆ ಡ್ರಮ್ಮು, ಆ ಗಿಟಾರು, ಎಲ್ಲಿಯವೋ ಏನೋ, ಅವುಗಳ ನಡುವೆ ಅಜ್ಜನ ಉಸಿರು ಅವಸರ ಮಾಡದೆ ನಡೆದುಕೊಂಡು ಹೋಗುತ್ತಿತ್ತು. ಅವು ಅದಕ್ಕೆ ದಾರಿ ಬಿಡುತ್ತಿದ್ದವು, ಅದು ಅವಕ್ಕೆ ಬಿಡುತ್ತಿತ್ತು. ಅವತ್ತಿನ ಹಾಗೆ ಮತ್ತೆ ಯಾವತ್ತೂ ಅವನು ಅದನ್ನು ನುಡಿಸಲಿಲ್ಲ. ಪ್ರತಿ ಸಲ ಬೇರೆ ಥರ. ಅದಕ್ಕೇ ಅವನನ್ನು ಎದುರು ಕೂತೇ ಕೇಳಬೇಕು ಅನ್ನುತ್ತಾರೆ ತಿಳಿದವರು. ಅವತ್ತು ನನಗೂ ತಿಳಿಯಿತು.

ನುಡಿಸಿ ಮುಗಿಸಿ ಅವನು ಮೈಕ್ ತೆಗೆದುಕೊಂಡ. “ಇದು ನಮ್ಮ ಅಜ್ಜನ್ದು. ನಮ್ಮದು ಕುರಿ ಕಾಯೋ ಮನೆತನ. ಅಲ್ಲಿ ಹಿಂದೆ ನಿಂತವ್ನೆ ನೋಡ್ರಿ, ನನ್ನ ತಮ್ಮ. ಅವ್ನೂ ಅದೇ ಮನೇನೇ” ಅಂದ. ಎಲ್ಲರೂ ತಿರುಗಿ ನೋಡಿ ನಕ್ಕರು. ಒಳ್ಳೆಯ ನಗುವೇ. ಆದರೆ ನಾನು ಮೊದಲು ನೋಡಿದ್ದು, ಹಿರಿಯೂರಿನವರು ಯಾರಾದರೂ ಇಲ್ಲಿದ್ದಾರಾ ಅಂತ.

ಮಾರಿಕಣಿವೆ ತುಂಬಿ ಕೋಡಿ ಬಿದ್ದಾದ ಮೇಲೆ ಒಂದು ದಿನ ಅವನೇ ಅಂಗಡಿಗೆ ಬಂದ. ಕೋಡಿ ನೋಡಲು ಬಂದವನು ಹಾಗೇ ಬಂದಿದ್ದ. ದುರ್ಗದಲ್ಲಿ ಅವನದೊಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಸೌಂಡು ನಾನೇ ಮಾಡಬೇಕು ಅಂದ. ಇನ್ನೊಂದು ಮಾತೂ ಹೇಳಿದ.

“ದೊಡ್ಡತ್ತೆ ಬರಬೇಕು ಕಣಲೇ. ಅಜ್ಜನ್ನ ಚೆನ್ನಾಗಿ ಕೇಳ್ದೋಳು ಅಂದ್ರೆ ಅವಳೊಬ್ಬಳೇ ಉಳಿದಿರೋದು. ಊರೂರು ತಿರುಗಿ ಅಜ್ಜನ್ದು ಅಜ್ಜನ್ದು ಅಂತ ನುಡಿಸ್ತಿದೀನಿ. ಅಜ್ಜನ್ದು ಹೌದೋ ಅಲ್ವೋ ನಂಗೇ ಗೊತ್ತಿಲ್ಲ. ಅವಳು ಕೇಳಿದ್ರೆ ಗೊತ್ತಾಗ್ತದೆ.”

ದೊಡ್ಡತ್ತೆ ಅಂದರೆ ಅಜ್ಜನ ಹಿರಿ ಮಗಳು, ನಮ್ಮಿಬ್ಬರ ಅಪ್ಪಂದಿರ ಅಕ್ಕ. ಗಂಡ ಸತ್ತ ಮೇಲೆ ಹಟ್ಟಿಗೇ ಬಂದು, ಈಗಲೂ ಕುರಿಯ ಹಿಂದೆ ಒಂದು ಕೋಲು ಹಿಡಿದು ನಡೆಯುವವಳು. ಫೋನು ಹಚ್ಚಿಕೊಟ್ಟೆ.

“ದುರ್ಗಕ್ಕಾ? ಆಸ್ಪತ್ರೆಗಾದ್ರೆ ಬತ್ತೀನಿ. ಆಟ ನೋಡಾಕೆ ಯಾರ್ ಬತ್ತಾರಪ್ಪ” ಅಂದಳು.

“ಅತ್ತೆ, ಅಜ್ಜನ್ದು ನುಡಿಸ್ತೀನಿ.”

“ಅಪ್ಪಯ್ಯಂದಾ? ಪೆಟ್ಟಿಗ್ಯಾಗೆ ಹೆಂಗಪ್ಪ ಬತ್ತದೆ ಅದು?”

“ಬಂದೈತೋ ಇಲ್ವೋ ನೋಡು ಅಂತಾನೇ ಕರೀತಿರೋದು.”

“ಕುರಿ ಯಾರಿಗಾನ ಒಪ್ಪಿಸಿ ಬತ್ತೀನಿ” ಅಂದಳು.

ಕಾರ್ಯಕ್ರಮದ ದಿನ ಹಟ್ಟಿಯವರನ್ನು ನನ್ನ ಗಾಡಿಯಲ್ಲೇ ಕರೆತಂದೆ. ಗಂಡಸರೆಲ್ಲ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಬಂದಿದ್ದರು, ದೊಡ್ಡತ್ತೆಯೂ ಒಂದು ಕಂಬಳಿ ಹೊದ್ದಿದ್ದಳು. ಹಾಲ್‌ನ ಮುಂದಿನ ಸಾಲಿನಲ್ಲಿ ಸೋಫಾ ಹಾಕಿದ್ದರು. ಅಧಿಕಾರಿಗಳು, ವ್ಯಾಪಾರಸ್ಥರು, ನನಗೆ ಕೆಲಸ ಕೊಡುವವರು ಕೂರುವ ಜಾಗ. ನಾನು ನಮ್ಮವರನ್ನು ಪಕ್ಕಕ್ಕೆ, ನನ್ನ ಮಿಕ್ಸರಿನ ಹತ್ತಿರ ಕರೆದುಕೊಂಡು ಹೋಗಿ, “ಇಲ್ಲಿ ಕುಂತ್ಕಳ್ರಿ” ಅಂದೆ.

ಅಣ್ಣ ಬಂದು ನೋಡಿದ. “ಮುಂದೆ ಜಾಗ ಇರ್ಲಿಲ್ವೇನಲೇ?”

“ಇಲ್ಲಿ ಸೌಂಡ್ ಚೆನ್ನಾಗಿ ಕೇಳ್ತದಣ್ಣ.”

ಸೌಂಡಿನವನು ಕೂರುವ ಕಡೆಯೇ ಸೌಂಡ್ ಚೆನ್ನಾಗಿ ಕೇಳುವುದು. ಅದು ಸುಳ್ಳಲ್ಲ. ಅವನಿಗೂ ಅದು ಗೊತ್ತು, ನಾನು ಅದಕ್ಕೆ ಕೂರಿಸಿದ್ದಲ್ಲ ಅನ್ನುವುದೂ ಗೊತ್ತು. “ಹಂಗಾರೆ ಸರಿ” ಅಂದ. ಜನರ ಸದ್ದು ಹಿಡಿಯುವುದಕ್ಕೆ ರೆಕಾರ್ಡಿಂಗಿನಲ್ಲಿ ಒಂದು ಮೈಕ್ ಬೇರೆ ಇಡುತ್ತೇವೆ. ಅದನ್ನು ತಾನೇ ತಂದು ದೊಡ್ಡತ್ತೆಯ ಕುರ್ಚಿಯ ಪಕ್ಕ ನಿಲ್ಲಿಸಿದ. “ಇಲ್ಲೇ ಇರ್ಲಿ. ಅವಳ ಉಸಿರು ಸೈತ ಬೇಕು ನಂಗೆ. ಅವರನ್ನ ಅವರ ಪಾಡಿಗೆ ಬಿಡು” ಅಂದ.

ಅಜ್ಜನದನ್ನು ಕೊನೆಗೆ ಇಟ್ಟುಕೊಂಡಿದ್ದ. ಅವನು ಅಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಕೇಳಿಲ್ಲ. ಅಂಗೈ ಉಜ್ಜಿಕೊಂಡ, ಕುತ್ತಿಗೆ ವಾಲಿತು. ಡ್ರಮ್ಮಿನ ಹುಡುಗ ಕಡ್ಡಿ ಬಿಟ್ಟು ತಂತಿಯ ಬ್ರಷ್ಷಿನಲ್ಲಿ ಸವರುತ್ತಿದ್ದ, ಒಣ ಹುಲ್ಲಿನ ಮೇಲೆ ಗೊರಸು ನಡೆದ ಹಾಗೆ. ಗಿಟಾರು ಇಡುವ ಒಂದೊಂದು ಸ್ವರವೂ ಒಂದೊಂದು ಕುರಿ ಕೂತ ಹಾಗೆ. ಸ್ವಲ್ಪ ಸ್ವಲ್ಪವಾಗಿ ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಕೀಬೋರ್ಡಿನ ಕೆಳಗೆ ಸ್ವರ ಹಿಡಿದಿಡುವ ಒಂದು ಪೆಡಲ್ ಇರುತ್ತದೆ. ಬರಿಗಾಲಿನಲ್ಲಿ ಅದನ್ನು ಒತ್ತಿಕೊಂಡು, ಕೈಯನ್ನು ಮೇಲೆತ್ತಿ, ಅವನು ದೊಡ್ಡತ್ತೆಯ ಕಡೆಗೇ ನೋಡುತ್ತಿದ್ದ. ಸ್ವರ ಕರಗುತ್ತಿತ್ತು. ಹಾಲ್‌ನಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ.

ನನ್ನ ಕಸುಬಿನಲ್ಲಿ ಅಂಥ ನಿಶ್ಶಬ್ದ ಅಂದರೆ ಕೆಟ್ಟದ್ದು. ಒಂದೋ ಕರೆಂಟ್ ಹೋಗಿದೆ, ಇಲ್ಲವೇ ಕಾರ್ಯಕ್ರಮ ಬಿದ್ದಿದೆ. ಹಾಗಾಗಬಾರದು ಅಂತ ಎಲ್ಲ ಕಡೆ ಮೊದಲ ಚಪ್ಪಾಳೆ ನಾನೇ ತಟ್ಟುವವನು. ಸೋಫಾದಲ್ಲಿದ್ದ ಒಬ್ಬರು ತಿರುಗಿ ನಮ್ಮವರ ಕಡೆ ನೋಡಿದರು. ನಮ್ಮವರು ಕಂಬಳಿಯೊಳಗೆ ಕೈ ಇಟ್ಟುಕೊಂಡು, ಕಲ್ಲು ಇಟ್ಟ ಹಾಗೆ ಕುಳಿತಿದ್ದರು. ಈ ಹಟ್ಟಿಯವರಿಗೆ ಏನೂ ತಿಳಿಯಲಿಲ್ಲ ಅಂತ ಅವರು ಅಂದುಕೊಂಡರು ಅಂತ ನಾನು ಅಂದುಕೊಂಡೆ. ದೊಡ್ಡತ್ತೆ ಕಂಬಳಿಯ ಅಂಚು ಹಿಡಿದು ಕುರ್ಚಿಯಿಂದ ಏಳುತ್ತಿದ್ದಳು. ಎದ್ದು ಹೋಗಿಬಿಡುತ್ತಾಳೆ, ಮಾನ ಹೋಗುತ್ತದೆ ಅನ್ನಿಸಿತು.

“ತಟ್ರಿ, ಚಪ್ಪಾಳೆ ತಟ್ರಿ” ಅಂದೆ.

ದೊಡ್ಡತ್ತೆ ನನ್ನನ್ನು ನೋಡಿದಳು. ಪಟ್ಟಣದ ಪದ್ಧತಿ ಇವನಿಗೆ ಗೊತ್ತು ಅಂತ ಇರಬೇಕು, ಮತ್ತೆ ಕುಳಿತು, ಕಂಬಳಿಯಿಂದ ಕೈ ತೆಗೆದು, ಹೊಲಕ್ಕೆ ನುಗ್ಗಿದ ಕುರಿ ಅಟ್ಟುವ ಹಾಗೆ ಜೋರಾಗಿ ತಟ್ಟಿದಳು. ನಮ್ಮವರೆಲ್ಲ ತಟ್ಟಿದರು. ಅವರ ಹಿಂದೆ ಇಡೀ ಸಭೆ ತಟ್ಟಿತು. ವೇದಿಕೆಯ ಮೇಲೆ ಅವನು ಪೆಡಲಿನಿಂದ ಕಾಲು ತೆಗೆದ. ಎದ್ದು ಕೈ ಮುಗಿದ.

ಕಾರ್ಯಕ್ರಮ ಮುಗಿದ ಮೇಲೆ ಬಂದು ದೊಡ್ಡತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಹೆಂಗಿತ್ತತ್ತೆ?”

“ಚೆನ್ನಾಗಿತ್ತು ಕಣಪ್ಪ. ಎಲ್ಲಾ ತಟ್ಟಿದ್ರು, ನಾವೂ ತಟ್ಟಿದ್ವಿ.”

ಅವನು ತಲೆ ಆಡಿಸಿದ. ಅವಳ ಪಾದ ಮುಟ್ಟಿ ಎದ್ದ. ಆಮೇಲೆ ನಾನು ವೈರ್ ಸುತ್ತುತ್ತಿದ್ದಾಗ ಹತ್ತಿರ ಬಂದು ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ವೈರ್ ಪೂರಾ ಸುತ್ತಿದೆವು.

“ನಿಂಗೆ ಗೊತ್ತಿತ್ತಲ್ಲೋ?” ಅಂದ.

“ಗೊತ್ತಿತ್ತಣ್ಣ.”

ಅಷ್ಟೇ. ಆ ವಿಷಯವಾಗಿ ಅವನು ನನ್ನನ್ನು ಬೈದದ್ದು ಅಷ್ಟೇ.

ರೆಕಾರ್ಡಿಂಗ್ ಕಳಿಸುವಾಗ ಹೇಳಿದೆ, ಕೊನೆಯಲ್ಲಿ ನನ್ನ ದನಿ ಬಂದುಬಿಟ್ಟಿದೆ, ಕತ್ತರಿಸಿ ಕೊಡುತ್ತೇನೆ, ಒಂದು ನಿಮಿಷದ ಕೆಲಸ ಅಂತ. ಬೇಡ ಅಂದ. “ಇರ್ಲಿ ಬಿಡು. ಅಜ್ಜನ ಮೊಮ್ಮಕ್ಕಳು ಇಬ್ರೂ ಅದ್ರಾಗೆ ಇದೀವಿ. ಒಬ್ಬ ನುಡಿಸ್ತಾನೆ, ಒಬ್ಬ ಕೂಗ್ತಾನೆ.” ನಗುತ್ತಲೇ ಹೇಳಿದ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಮತ್ತೆ ಒಂದು ಸಲ ಫೋನು ಮಾಡಿದ್ದ. “ಹಟ್ಟಿಗೇ ಹೋಗಾಣ ಕಣಲೇ. ರೊಪ್ಪದ ಹತ್ರಾನೇ ನುಡಿಸ್ತೀನಿ. ಅಲ್ಲಿ ಕುರೀನೇ ಹೇಳ್ತವೆ. ನೀನೊಂದು ಸಣ್ಣ ಸ್ಪೀಕರ್ ಹಿಡ್ಕಂಡು ಬಾ, ದೊಡ್ಡದು ಬ್ಯಾಡ.” ಮದುವೆ ಸೀಸನ್ ಮುಗಿಯಲಿ ಅಣ್ಣ ಅಂದೆ. ಸೀಸನ್ ಮುಗಿಯುವ ಮೊದಲೇ, ಬೆಂಗಳೂರಿನ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿದು ಕುಳಿತವನು ಹಾಗೇ ವಾಲಿಕೊಂಡನಂತೆ. ಬಲಕ್ಕೆ ವಾಲಿದ್ದನಂತೆ. ಅತ್ತಿಗೆ ಮೊದಲು ಏನೋ ರಾಗ ಯೋಚಿಸುತ್ತಿದ್ದಾನೆ ಅಂದುಕೊಂಡರಂತೆ.

ಹಟ್ಟಿಯಲ್ಲೇ ಮಣ್ಣು ಮಾಡಿದೆವು. ಹಾಲುತುಪ್ಪ ಬಿಟ್ಟ ದಿನ ಸಂಜೆ ಎಲ್ಲರೂ ದೊಡ್ಡತ್ತೆಯ ಮನೆಯ ಮುಂದೆ ಕುಳಿತಿದ್ದೆವು. ಕುರಿಗಳು ರೊಪ್ಪಕ್ಕೆ ಬಂದಾಗಿತ್ತು. ಅವನ ಮಗಳು ನನ್ನ ಹತ್ತಿರ ಬಂದು, “ಚಿಕ್ಕಪ್ಪ, ಸ್ಪೀಕರ್ ಇದ್ಯಾ? ಅಪ್ಪ ಇಲ್ಲಿ ನುಡಿಸಬೇಕು ಅಂತಿದ್ರು” ಅಂದಳು. ಗಾಡಿಯಲ್ಲಿ ಒಂದು ಸಣ್ಣ ಸ್ಪೀಕರ್ ಇತ್ತು. ತಂದು ಇಟ್ಟೆ. ಅವಳು ತನ್ನ ಫೋನು ಸಿಕ್ಕಿಸಲು ಹೋದಳು.

“ನನ್ನ ಫೋನಾಗಿಂದ ಹಾಕ್ತೀನಿ ತಡಿಯಮ್ಮ, ಇದು ಕ್ಲೀನಾಗೈತೆ” ಅಂದೆ. ಅವನು ಸತ್ತ ಮೇಲೆ, ನನ್ನ ದನಿ ಕತ್ತರಿಸಿ ಒಂದು ಪ್ರತಿ ಬೇರೆ ಮಾಡಿಟ್ಟುಕೊಂಡಿದ್ದೆ.

“ಬೇಡ ಚಿಕ್ಕಪ್ಪ. ಅಪ್ಪ ಕೇಳ್ತಿದ್ದಿದ್ದು ಇದೇ.”

ಹಾಡು ಶುರುವಾಯಿತು. ಒಣ ಹುಲ್ಲಿನ ಮೇಲೆ ಗೊರಸು ನಡೆಯಿತು. ದೊಡ್ಡತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅವಳನ್ನು ನೋಡುವುದು ಬಿಟ್ಟು ರೊಪ್ಪದ ಕಡೆ ನೋಡಿದೆ. ಸುಮ್ಮನೆ ನಿಂತಿದ್ದ ಎರಡು ಮೂರು ಕುರಿಗಳು ಮಂಡಿ ಮಡಚಿದವು. ಅವು ಹೇಗಿದ್ದರೂ ಮಲಗುವ ಹೊತ್ತೇ. ಆದರೂ ನೋಡಿದೆ. ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಅವನ ಸ್ವರವೊಂದೇ ಉಳಿಯಿತು. ಮುಂದೆ ಏನು ಬರುತ್ತದೆ ಅಂತ ಅಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎದ್ದು ಹೋಗಿ ಗುಂಡಿ ಒತ್ತಿ ನಿಲ್ಲಿಸಬಹುದಿತ್ತು. ಒತ್ತಲಿಲ್ಲ.

“ತಟ್ರಿ, ಚಪ್ಪಾಳೆ ತಟ್ರಿ” ಅಂದೆ ನಾನು, ಸ್ಪೀಕರಿನಿಂದ.

ದೊಡ್ಡತ್ತೆ ಕಣ್ಣು ಬಿಡಲೇ ಇಲ್ಲ. “ಸುಮ್ಕಿರಲೇ, ಕುರಿ ಎದ್ದಾವು” ಅಂದಳು.

ಆಮೇಲೆ ಕೋಲು ಊರಿ ಎದ್ದಳು. ಕಂಬಳಿ ಕೊಡವಿ ಹೊದ್ದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅವಳ ಹಿಂದೆ ಒಬ್ಬರು ಎದ್ದರು, ಇನ್ನೊಬ್ಬರು ಎದ್ದರು. ಎಲ್ಲರೂ ಕಂಬಳಿ ಕೊಡವಿಕೊಂಡು, ಸದ್ದಿಲ್ಲದೆ, ಒಬ್ಬೊಬ್ಬರಾಗಿ ಹೋದರು. ಅವನು ಊರೂರು ತಿರುಗಿ ಕಾದಿದ್ದ ಉತ್ತರ ಅದೇ. ಅದನ್ನು ನೋಡಲು ಉಳಿದವನು ನಾನು.

ಸ್ಪೀಕರಿನಲ್ಲಿ ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ.